ಹಳೇ ಆಲ್ಟೊ ತಗೊಳ್ಳೋ ಮುಂಚೆ ತಗಡು ನೋಡಿ, ಕಾಗದ ನೋಡಿ, ಎಂಜಿನ್ ಆಮೇಲೆ

ಸಾಗರದ ಸರ್ ಕೇಳಿದ್ದು ಈಗ ನೋಡ್ದೆ. 2013ರ ಆಲ್ಟೊ 800 ಎಲ್‌ಎಕ್ಸ್‌ಐ, ಓಡಿರೋದು 78 ಸಾವಿರ, ಕೇಳ್ತಿರೋದು 1 ಲಕ್ಷದ 85 ಸಾವಿರ, ಮನೇಲಿ ವಯಸ್ಸಾದ ಅಪ್ಪ ಅಮ್ಮ, ತಿಂಗಳಿಗೆ ಎರಡು ಸಲ ಶಿವಮೊಗ್ಗದ ಆಸ್ಪತ್ರೆ, ಉಳಿದಂತೆ ಪೇಟೆ, ಅಡಿಕೆ ಮಂಡಿ, ಮದುವೆಮನೆ, "ಎಂಜಿನ್ ಸೂಪರ್ ಇದೆ ಅಂತಾರೆ, ತಗೊಳ್ಳಲಾ" ಅಂತ. ಕೆಳಗೆ ಸುಮಾರು ಜನ "ಕಣ್ಮುಚ್ಚಿ ತಗೊಳ್ಳಿ, ಮಾರುತಿ ಅಲ್ವಾ" ಅಂತ ಬರ್ದಿದಾರೆ. ಕಣ್ಮುಚ್ಚಿ ತಗೊಂಡವನು ನಾನೇ ಒಬ್ಬ ಇದೀನಿ ಮಾರಾಯ್ರೆ, ಅದಕ್ಕೇ ಸ್ವಲ್ಪ ಉದ್ದ ಬರೀತಿದೀನಿ.

ನಂದು 2006ರ ಸ್ಯಾಂಟ್ರೊ ಝಿಂಗ್ ಆಗಿತ್ತು, 2017ರಲ್ಲಿ ಬ್ರೋಕರ್ ಕೈಯಿಂದ ತಗೊಂಡಿದ್ದು. ಎಂಜಿನ್ ನಿಜವಾಗ್ಲೂ ಚೆನ್ನಾಗಿತ್ತು, ಅದೇ ನನ್ನ ಗ್ರಹಚಾರ, ಎಂಜಿನ್ ಶಬ್ದ ಕೇಳಿ ಮರುಳಾಗಿ ಬೇರೆ ಏನೂ ನೋಡ್ಲಿಲ್ಲ. ಗಾಡಿ ಮೊದಲು ಕುಂದಾಪುರ ಕಡೆ ಇದ್ದಿದ್ದಂತೆ, ಮೊದಲನೇ ಮಳೆಗಾಲ ಹೆಂಡತಿ ಕಾಲಡಿ ನೀರು ಬಂತು, ಮ್ಯಾಟ್ ಎತ್ತಿದ್ರೆ ಅಡಿ ತಗಡು ಹಪ್ಪಳ. ಟಿಂಕರ್ ಹತ್ರ ಬಿಟ್ರೆ ಅವನು ಒಂದು ಕಡೆ ತಟ್ಟಿದ, ಇನ್ನೊಂದು ಕಡೆ ಉದುರ್ತು. ಇನ್ನೊಂದು ಕಥೆ ಕಾಗದದ್ದು. ಮೊದಲಿನ ಓನರ್ ಸಾಲ ತೀರಿಸಿದ್ದ, ಆದ್ರೆ ಆರ್‌ಸಿಯಲ್ಲಿ ಎಚ್‌ಪಿ, ಅಂದ್ರೆ ಗಾಡಿ ಮೇಲೆ ಬ್ಯಾಂಕ್ ಸಾಲ ಇದೆ ಅನ್ನೋ ನಮೂದು, ತೆಗೆಸಿರ್ಲಿಲ್ಲ, ಆ ಬ್ಯಾಂಕಿನ ಬ್ರ್ಯಾಂಚೇ ಬೇರೆ ಊರಿಗೆ ಹೋಗಿತ್ತು, ಸಾಲ ಬಾಕಿ ಇಲ್ಲ, ಆಕ್ಷೇಪಣೆ ಇಲ್ಲ ಅನ್ನೋ ಎನ್‌ಒಸಿ ಪತ್ರ ತರೋಕೆ ಎಂಟು ತಿಂಗಳು ಅಲೆದೆ. ಅಷ್ಟು ದಿನ ಗಾಡಿ ನಮ್ಮನೆ ಅಂಗಳದಲ್ಲಿ, ಹೆಸರು ಬೇರೆಯವರದ್ದು.

ಆವತ್ತಿಂದ ಯಾರು ಹಳೇ ಗಾಡಿ ನೋಡೋಕೆ ಕರೆದ್ರೂ ನಾನು ಬಾನೆಟ್ ಕೊನೆಗೆ ಎತ್ತೋದು. ಆಲ್ಟೊ 800ರ ಎಂಜಿನ್ 796 ಸಿಸಿ, ಮೂರು ಸಿಲಿಂಡರು, ಹಳೇ ಮಾರುತಿ 800ರ ವಂಶದ್ದೇ. ಸಾಗರದಲ್ಲಿ ಯಾವ ಮೂಲೆ ಗ್ಯಾರೇಜಿನ ಹುಡುಗನಾದ್ರೂ ಬಿಚ್ಚಿ ಕೂರಿಸ್ತಾನೆ, ಸ್ಪೇರ್ ಪೇಟೇಲೇ ಸಿಗುತ್ತೆ. ಹಂಗಾಗಿ ಎಂಜಿನ್ ಕೆಟ್ಟಿದ್ರೆ ದುಡ್ಡು ಹೋಗುತ್ತೆ, ಅಷ್ಟೇ. ತುಕ್ಕು ಹಿಡಿದ ಬಾಡಿ, ತೊಡಕಿನ ಆರ್‌ಸಿ ಎರಡಕ್ಕೂ ದುಡ್ಡು ಹಾಕಿದ್ರೂ ಸರಿಯಾಗಲ್ಲ.

ಮೊದಲು ಕಾಗದ, ಅದು ಮನೇಲಿ ಕೂತೇ ಆಗುತ್ತೆ. ನಂಬರ್ ಇಸ್ಕೊಂಡು ಎಂ-ಪರಿವಾಹನ್ ಆಪಲ್ಲಿ ಹಾಕಿ. ಎಷ್ಟನೇ ಓನರ್, ಇನ್ಶೂರೆನ್ಸ್ ಯಾವತ್ತಿನವರೆಗೆ, ಎಮಿಷನ್ ಇದೆಯಾ, ಸಾಲ ಇದೆಯಾ, ಆರ್‌ಸಿ ಯಾವತ್ತು ಮುಗಿಯುತ್ತೆ ಅನ್ನೋದು ಬರುತ್ತೆ. ಟ್ರಾಫಿಕ್ ದಂಡ ಬಾಕಿ ಇದೆಯಾ ಅಂತಾನೂ ನೋಡಿ, ಬೆಂಗಳೂರಲ್ಲಿ ಓಡಿದ ಗಾಡಿ ಆದ್ರೆ ಸಿಗ್ನಲ್ ಜಂಪು ಅದೂ ಇದೂ ಅಂತ ದೊಡ್ಡ ಮೊತ್ತ ಕೂತಿರುತ್ತೆ. ಸಾಲ ತೋರಿಸ್ತಿದ್ರೆ "ತೀರಿಸಾಗಿದೆ ಬಿಡಿ" ಅನ್ನೋ ಮಾತಿಗೆ ತಲೆ ಆಡಿಸ್ಬೇಡಿ, ಬ್ಯಾಂಕಿನ ಎನ್‌ಒಸಿ ಮತ್ತೆ ಸಹಿ ಸೀಲು ಇರೋ ಫಾರಂ 35 (ಆರ್‌ಸಿಯಿಂದ ಸಾಲ ತೆಗೆಸೋ ಅರ್ಜಿ) ಕೈಗೆ ಬಂದ ಮೇಲೇ ಮುಂದಿನ ಮಾತು. ಗೋವಾ, ಕೇರಳದ ಗಾಡಿ ಅಗ್ಗಕ್ಕೆ ಸಿಕ್ತು ಅಂತ ಯಾರೋ ಮೇಲೆ ಬರ್ದಿದಾರೆ, ಅದಕ್ಕೆ ಅಲ್ಲಿನ ಆರ್‌ಟಿಒ ಎನ್‌ಒಸಿ ಬೇಕು, ಇಲ್ಲಿ ಲೈಫ್‌ಟೈಮ್ ಟ್ಯಾಕ್ಸ್ ಬೇರೆ ಕಟ್ಬೇಕು, ಅದನ್ನೆಲ್ಲ ಕೂಡಿಸಿದ್ರೆ ಅಗ್ಗ ಎಲ್ಲಿ ಉಳೀತು.

ನಿಮ್ಮ ಗಾಡೀಲಿ ಮುಖ್ಯ ಅಂದ್ರೆ ಈ ಆರ್‌ಸಿ ಮುಗಿಯೋ ತಾರೀಕು. ಸ್ವಂತ ಬಳಕೆ ಕಾರಿಗೆ ರಿಜಿಸ್ಟ್ರೇಷನ್ ಆದ ದಿನದಿಂದ 15 ವರ್ಷ, ಅಂದ್ರೆ 2013ರದ್ದು 2028ಕ್ಕೆ ಮುಗೀತು. ಆಮೇಲೆ ಎಫ್‌ಸಿ (ಗಾಡಿ ಓಡಿಸೋಕೆ ಯೋಗ್ಯ ಅನ್ನೋ ಆರ್‌ಟಿಒ ಸರ್ಟಿಫಿಕೇಟು) ಮಾಡಿಸಿ ಐದೈದು ವರ್ಷಕ್ಕೆ ರಿನ್ಯೂವಲ್. ಈ ಫೀಸು ಮೊದಲು 600 ರೂಪಾಯಿ ಇತ್ತು, 2022ರ ಏಪ್ರಿಲ್‌ನಿಂದ 5000 ಆಗಿದೆ, ಮೇಲಿಂದ ಗ್ರೀನ್ ಟ್ಯಾಕ್ಸು, ಮತ್ತೆ ಎಫ್‌ಸಿಗೆ ನಿಲ್ಲಿಸೋ ಮುಂಚೆ ಲೈಟು, ಬ್ರೇಕು, ಬಾಡಿ ರೆಡಿ ಮಾಡಿಸೋ ಖರ್ಚು. ಮಾರೋರಿಗೆ ಇದು ಗೊತ್ತಿರುತ್ತೆ, ಅದಕ್ಕೇ 12-13 ವರ್ಷಕ್ಕೆ ಬಂದ ಗಾಡಿಗಳು ಮಾರ್ಕೆಟ್ಟಿಗೆ ಸಾಲಾಗಿ ಬರೋದು. ಬೇಡ ಅಂತಲ್ಲ, ರೇಟಲ್ಲಿ ಅದನ್ನ ಹಿಡೀಬೇಕು. ಮುಂದೆ ನೀವು ಮಾರೋಕೆ ಹೋದಾಗ್ಲೂ ತಗೊಳ್ಳೋನು ಮೊದಲು ಕೇಳೋದು ಅದೇ ತಾರೀಕು.

ಬ್ರೋಕರ್ ಕಡೆಯಿಂದ ಆದ್ರೆ ಆರ್‌ಸಿಯಲ್ಲಿ ಹೆಸರಿರೋ ಮನುಷ್ಯನ ಹತ್ರ ಒಂದು ಸಲ ಮಾತಾಡ್ಲೇಬೇಕು. ಸಹಿ ಹಾಕಿ ಖಾಲಿ ಬಿಟ್ಟಿರೋ 29, 30 ನಂಬರ್ ಫಾರಂ (ಹೆಸರು ವರ್ಗಾವಣೆದು) ಕೊಟ್ಟು "ಯಾವಾಗ ಬೇಕಾದ್ರೂ ನಿಮ್ಮ ಹೆಸರಿಗೆ ಮಾಡಿಸ್ಕೊಳ್ಳಿ" ಅಂತಾರಲ್ಲ, ಅದರಲ್ಲಿ ಇಬ್ಬರಿಗೂ ಅಪಾಯ. 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಗಾಡಿ ಎಷ್ಟು ಕೈ ಬದಲಾಗಿದ್ರೂ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಆಕ್ಸಿಡೆಂಟ್ ಪರಿಹಾರಕ್ಕೆ ಅವರೇ ಹೊಣೆ ಅಂತ. ಇದನ್ನ ಮಾರೋರಿಗೆ ಹೇಳಿ ನೋಡಿ, ಅವರೇ ನಿಮಗಿಂತ ಮುಂಚೆ ಆರ್‌ಟಿಒ ಬಾಗಿಲಲ್ಲಿ ನಿಂತಿರ್ತಾರೆ. ಇನ್ಶೂರೆನ್ಸೂ 14 ದಿನದೊಳಗೆ ನಿಮ್ಮ ಹೆಸರಿಗೆ ಅರ್ಜಿ ಹಾಕ್ಬೇಕು, ಅವರ ನೋ ಕ್ಲೈಮ್ ಬೋನಸ್, ಅಂದ್ರೆ ಕ್ಲೈಮ್ ಮಾಡದ್ದಕ್ಕೆ ಸಿಗೋ ರಿಯಾಯಿತಿ, ನಿಮಗೆ ಬರಲ್ಲ. 1000 ಸಿಸಿ ಒಳಗಿನ ಕಾರಿಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ವರ್ಷಕ್ಕೆ 2,094 ಪ್ಲಸ್ ಜಿಎಸ್‌ಟಿ, ಅದೇನು ಭಾರ ಅಲ್ಲ.

ಇನ್ನು ಗಾಡಿ ನೋಡೋಕೆ ಹೋಗೋದು. ಹಗಲು ಹೊತ್ತು ಹೋಗಿ, ಮಳೆ ಬರ್ತಿರುವಾಗ ಬೇಡ, ಒದ್ದೆ ಗಾಡಿ ಎಲ್ಲಾನೂ ಹೊಸದರ ತರ ಕಾಣುತ್ತೆ. ಒಂದು ಹಳೇ ಗೋಣಿಚೀಲ ಒಯ್ಯಿರಿ ಗಾಡಿ ಅಡಿ ಮಲಗೋಕೆ, ನಾಚ್ಕೋಬೇಡಿ, ಎರಡು ಲಕ್ಷದ ವ್ಯವಹಾರ. ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್, ಜಾಕ್ ಕೊಡೋ ಜಾಗ, ಹಿಂದಿನ ಚಕ್ರದ ಒಳಮೈ, ಸ್ಟೆಪ್ನಿ ಗುಂಡಿ, ಡ್ರೈವರ್ ಮ್ಯಾಟ್ ಅಡಿ. ಇಷ್ಟೂ ಕಡೆ ಬೆರಳಲ್ಲಿ ಒತ್ತಿ ನೋಡಿ, ತುಕ್ಕು ತಿಂದ ತಗಡು ಒಳಗೆ ಹೋಗುತ್ತೆ. ನಮ್ಮ ಮಲೆನಾಡಲ್ಲಿ ವರ್ಷಕ್ಕೆ ನಾಲ್ಕೈದು ತಿಂಗಳು ಕೆಸರು ಅಡಿಗೆ ಅಂಟ್ಕೊಂಡೇ ಇರುತ್ತೆ, ಕರಾವಳಿ ಗಾಡಿ ಆದ್ರೆ ಉಪ್ಪುಗಾಳಿ, ಅದಕ್ಕೆ ಓಡಿದ ಕಿಲೋಮೀಟರಿಗಿಂತ ಎಲ್ಲಿ ಇತ್ತು ಅನ್ನೋದೇ ದೊಡ್ಡದು. ದಾವಣಗೆರೆ, ಚಿತ್ರದುರ್ಗ ಕಡೆ ಓಡಿದ ಗಾಡಿ ಲಕ್ಷ ಕಿಮೀ ಆಗಿದ್ರೂ ನಾನು ಅಡಿ ನೋಡಿ ಖುಷಿ ಪಟ್ಟಿದ್ದಿದೆ. ಅಡಿಗೆ ಹೊಸದಾಗಿ ಕಪ್ಪು ಪೇಂಟ್ ಬಳಿದಿದ್ರೆ ಯಾಕೆ ಅಂತ ಕೇಳಿ, ಮಾರೋ ವಾರದಲ್ಲೇ ಯಾರಿಗೂ ಗಾಡಿ ಮೇಲೆ ಅಷ್ಟು ಪ್ರೀತಿ ಬರಲ್ಲ.

ಡಿಕ್ಕಿ ಹೊಡೆದಿದೆಯಾ ನೋಡೋಕೆ ಬಾಗಿಲ ರಬ್ಬರ್ ಸ್ವಲ್ಪ ಕಿತ್ತು ನೋಡಿ, ಕಂಪನಿ ವೆಲ್ಡಿಂಗ್ ಚುಕ್ಕಿ ಚುಕ್ಕಿಯಾಗಿ ಸಮ ಅಂತರದಲ್ಲಿ ಇರುತ್ತೆ, ಅಲ್ಲಿ ನುಣ್ಣಗೆ ಪುಟ್ಟಿ ಮೆತ್ತಿದ್ರೆ ಬಾಡಿ ಕೆಲಸ ಆಗಿದೆ ಅಂತ ಲೆಕ್ಕ. ಬಾನೆಟ್ ಹಿಂಜಸ್ಸಿನ ಬೋಲ್ಟ್ ಮೇಲೆ ಸ್ಪ್ಯಾನರ್ ಗೀರು ಇದ್ರೆ ಬಾನೆಟ್ ಬಿಚ್ಚಿದಾರೆ. ಒಂದು ಸಣ್ಣ ಮ್ಯಾಗ್ನೆಟ್ ಬಟ್ಟೇಲಿ ಸುತ್ತಿ ಬಾಡಿ ಮೇಲೆ ಆಡಿಸಿ, ಪುಟ್ಟಿ ದಪ್ಪ ಇರೋ ಕಡೆ ಹಿಡಿಯಲ್ಲ. ಗ್ಲಾಸ್ ಮೂಲೇಲಿ ಮಾರ್ಕ್ ಇರುತ್ತೆ, ಎಲ್ಲಾ ಒಂದೇ ಕಾಲದ್ದಾ ನೋಡಿ, ಮುಂದಿನದು ಒಂದೇ ಬೇರೆ ಆದ್ರೆ ಕಲ್ಲು ಹೊಡೆದಿರಬಹುದು, ಮೂರು ಬೇರೆ ಆದ್ರೆ ಬೇರೆ ಕಥೆ. ಬಂಪರ್, ಬಾಗಿಲು ತರಚಿದ್ದಕ್ಕೆಲ್ಲ ತಲೆ ಕೆಡಿಸ್ಕೋಬೇಡಿ, ಹಳ್ಳಿ ರಸ್ತೇಲಿ ಓಡಿದ ಗಾಡಿಗೆ ಗೀರು ಇಲ್ದೆ ಇದ್ರೇ ಅನುಮಾನ.

ನೀರಲ್ಲಿ ಮುಳುಗಿದ ಗಾಡಿ ಒಂದು ಸೇರ್ಕೊಂಡಿದೆ ಈಗ. 2022ರ ಸೆಪ್ಟೆಂಬರಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಕಡೆ ಬೇಸ್‌ಮೆಂಟಲ್ಲೆಲ್ಲ ನೀರು ತುಂಬಿತ್ತಲ್ಲ, ಅಂಥ ಗಾಡಿ ತೊಳೆದು ಒಣಗಿಸಿ ದೂರದ ಊರಿಗೆ ದಾಟಿಸಿದ್ರೆ ಕಂಡುಹಿಡಿಯೋದು ಕಷ್ಟ. ಸೀಟ್ ಬೆಲ್ಟ್ ಪೂರ್ತಿ ಕೊನೆವರೆಗೆ ಎಳೀರಿ, ಕೆಸರಿನ ಗೆರೆ ಇದ್ರೆ ಬೆಲ್ಟಿನ ಬುಡದಲ್ಲಿ ಉಳಿದಿರುತ್ತೆ. ಸೀಟಿನ ಅಡಿ ರೈಲಿಗೆ ತುಕ್ಕು ಇದೆಯಾ, ಎಸಿ ಹಾಕಿದ ತಕ್ಷಣ ಮುಗ್ಗಲು ವಾಸನೆ ಬರುತ್ತಾ, ಅದೂ ನೋಡಿ.

78 ಸಾವಿರ ನಿಜಾನಾ ಅಂದ್ರೆ, ವರ್ಷಕ್ಕೆ ಆರೂವರೆ ಸಾವಿರದ ಹತ್ರ ಬಂತು, ಊರ ಮೇಷ್ಟ್ರ ಗಾಡಿ ಆದ್ರೆ ನಂಬಬಹುದು. ಆದ್ರೂ ಕ್ಲಚ್, ಬ್ರೇಕ್ ಪೆಡಲಿನ ರಬ್ಬರ್ ಸವೆದು ನುಣ್ಣಗಾಗಿ, ಸ್ಟೇರಿಂಗು ಗೇರ್ ನಾಬು ಹೊಳೀತಿದ್ರೆ 78ಕ್ಕಿಂತ ಜಾಸ್ತಿನೇ ಓಡಿರಬಹುದು. ಕಂಪನಿ ಸರ್ವಿಸ್ ಸೆಂಟರಲ್ಲಿ ನಂಬರ್ ಕೊಟ್ರೆ ಕೊನೇ ಸಲ ಬಂದಾಗ ಎಷ್ಟು ಓಡಿತ್ತು ಅಂತ ಸಿಗುತ್ತೆ, ಓನರನ್ನ ಜೊತೇಲಿ ಕರ್ಕೊಂಡು ಹೋದ್ರೆ ತಕರಾರಿಲ್ಲ. ಎಡಗಡೆ ಸೀಟಿನ ಕಾಲಿಡೋ ಜಾಗದಲ್ಲಿ ಬೋಲ್ಟ್ ತೂತು ಇದ್ರೆ ಡ್ರೈವಿಂಗ್ ಸ್ಕೂಲ್ ಗಾಡಿ, ಎರಡನೇ ಪೆಡಲ್ ಅಲ್ಲಿ ಇತ್ತು, ಸುಮ್ನೆ ಕೈ ಮುಗಿದು ವಾಪಸ್ ಬನ್ನಿ. ಟೈರಿನ ಪಕ್ಕ ನಾಲ್ಕು ಅಂಕಿ ಇರುತ್ತೆ, 2319 ಅಂದ್ರೆ 2019ರ 23ನೇ ವಾರ, ಟೈರಿನ ಹಲ್ಲು ಚೆನ್ನಾಗಿದ್ರೂ ಆರು ವರ್ಷ ದಾಟಿದ ರಬ್ಬರನ್ನ ಘಾಟೀಲಿ ನಾನು ನಂಬಲ್ಲ.

ಈಗ ಎಂಜಿನ್. ಬೆಳಿಗ್ಗೆ ಹೋಗಿ, ನೀವು ಬರೋವರೆಗೆ ಸ್ಟಾರ್ಟ್ ಮಾಡ್ಬೇಡಿ ಅಂತ ಹೇಳಿಟ್ಟು ಹೋಗಿ, ಹೋದ ಕೂಡ್ಲೇ ಬಾನೆಟ್ ಮುಟ್ಟಿ ನೋಡಿ, ಬಿಸಿ ಇದ್ರೆ ಏನೋ ಮುಚ್ಚಿಡ್ತಿದಾರೆ. ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗ್ಬೇಕು. ಬೆಳಿಗ್ಗೆ ಬಿಳಿ ಹಬೆ ಬಂದು ನಿಂತ್ರೆ ಪರ್ವಾಗಿಲ್ಲ, ನೀಲಿ ಹೊಗೆ ಆದ್ರೆ ಆಯಿಲ್ ಸುಡ್ತಿದೆ. ಆಯಿಲ್ ಮುಚ್ಚಳ ತೆಗೆದಾಗ ಒಳಗೆ ಮಜ್ಜಿಗೆ ತರ ಬೆಳ್ಳಗೆ ಇದ್ರೆ, ಕೂಲಂಟ್ ಜಾಗದಲ್ಲಿ ಬರೀ ಬಾವಿನೀರು ಇದ್ರೆ ಹೆಡ್ ಗ್ಯಾಸ್ಕೆಟ್ ಅನುಮಾನ ಪಡಿ. ಈ ಎಂಜಿನ್ನಿಗೆ ಟೈಮಿಂಗ್ ಬೆಲ್ಟು, ದೊಡ್ಡ ಎಂಜಿನ್ನಿನ ಆಲ್ಟೊ ಕೆ10ಗೆ ಚೈನು. ಬೆಲ್ಟ್ ಯಾವಾಗ ಬದಲಾಯಿಸಿದ್ರಿ ಅಂತ ಕೇಳಿ, ಬಿಲ್ ತೋರಿಸದಿದ್ರೆ ಬದಲಾಯಿಸಿಲ್ಲ ಅಂತ್ಲೇ ತಿಳ್ಕೊಳ್ಳಿ, 12 ವರ್ಷದ ರಬ್ಬರ್ ಅದು, ಕಿಮೀ ಕಮ್ಮಿ ಆದ್ರೂ ಬದಲಾಯಿಸ್ಲೇಬೇಕು, ತುಂಡಾದ್ರೆ ಶಿವಮೊಗ್ಗ ದಾರೀಲಿ ಆಯನೂರು ಹತ್ರ ರಾತ್ರಿ ಅಪ್ಪ ಅಮ್ಮನ ಕೂರಿಸ್ಕೊಂಡು ನಿಲ್ತೀರ. ಪೆಟ್ರೋಲ್ ಪೈಪಿನ ರಬ್ಬರೂ ನೋಡ್ಸಿ, ಈಗ ಬಂಕಲ್ಲಿ ಸಿಗೋದು 20 ಪರ್ಸೆಂಟ್ ಎಥೆನಾಲ್ ಸೇರಿದ್ದು, ಈ ಗಾಡಿ ಅದಕ್ಕೆ ಅಂತ ಮಾಡಿದ್ದಲ್ಲ.

ಓಡಿಸುವಾಗ ಹಾಡು ಆಫ್, ಗ್ಲಾಸ್ ಇಳಿಸಿ. ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನ ಸುತ್ತು ಹೊಡೀರಿ, ಕಟಕಟ ಅಂದ್ರೆ ಆಕ್ಸಲ್ ಜಾಯಿಂಟ್ ಹೋಗಿದೆ. ಹುಂಯ್ ಅನ್ನೋ ಶಬ್ದ ಸ್ಪೀಡ್ ಜೊತೆ ಏರಿದ್ರೆ ವೀಲ್ ಬೇರಿಂಗ್. ಏರಲ್ಲಿ ಮೂರನೇ ಗೇರಲ್ಲಿ ಒತ್ತಿ, ಎಂಜಿನ್ ಕೂಗಿ ಗಾಡಿ ಹೋಗದಿದ್ರೆ ಕ್ಲಚ್ ಪ್ಲೇಟು. ಎರಡನೇ ಗೇರಿಗೆ ಇಳಿಸುವಾಗ ಕರಕರ ಅಂತಾ ಅದೂ ಗಮನಿಸಿ. ಇವೆಲ್ಲ ಆಗೋ ಕೆಲಸಗಳೇ, ಆದ್ರೆ ಒಂದೊಂದಕ್ಕೂ ಬೆಲೆ ಇಳಿಸ್ಬೇಕು. ನಾಲ್ಕು ಜನ ಕೂತು ತೋಟದ ರಸ್ತೇಲಿ ಒಂದು ಸಲ ಹೋಗಿ ಬನ್ನಿ, ನೆಲದಿಂದ ಎತ್ತರ 160 ಮಿಲಿಮೀಟರ್ ಅಷ್ಟೇ, ಜನ ಕೂತ್ರೆ ಇನ್ನೂ ಇಳಿಯುತ್ತೆ, ನಿಮ್ಮ ಮನೆ ದಾರೀಲಿ ಮಧ್ಯದ ದಿಬ್ಬ ಆಯಿಲ್ ಚೇಂಬರಿಗೆ ತಾಗಿದ್ರೆ ಈ ಚರ್ಚೆನೇ ವೇಸ್ಟು, ವ್ಯಾಗನ್ ಆರ್ ಹುಡುಕಿ. ಅಪ್ಪಂಗೆ ಮಂಡಿನೋವು ಅಂತ ಬರ್ದಿದೀರಲ್ಲ, ಅವರನ್ನೇ ಒಂದು ಸಲ ಹತ್ತಿಸಿ ಇಳಿಸಿ ನೋಡಿ, ಆಲ್ಟೊ ಸೀಟು ತಗ್ಗು, ನಮ್ಮಮ್ಮ ಅದರಿಂದ ಏಳೋಕೆ ಎರಡು ಜನ ಬೇಕಾಗ್ತಿತ್ತು, ವ್ಯಾಗನ್ ಆರಲ್ಲಿ ಕುರ್ಚಿ ಮೇಲೆ ಕೂತಂಗೆ ಕೂರ್ತಾರೆ. ನನ್ನ ಕೇಳಿದ್ರೆ ಎಂಜಿನ್ನಿಗಿಂತ ಇದೇ ದೊಡ್ಡ ವಿಷ್ಯ.

ಸೇಫ್ಟಿ ಬಗ್ಗೆ ಯಾರೂ ಹೇಳ್ಲಿಲ್ಲ, ಹೇಳ್ಬಿಡ್ತೀನಿ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಅನ್ನೋ ಸಂಸ್ಥೆ ಕಾರು ಗುದ್ದಿಸಿ ಮಾಡೋ ಟೆಸ್ಟಲ್ಲಿ ಆಲ್ಟೊ 800ಕ್ಕೆ ಬಂದಿದ್ದು ಸೊನ್ನೆ ಸ್ಟಾರು. ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ ಆಗಿದ್ದೇ 2019ರ ಜುಲೈಯಿಂದ. ಪೇಟೆ ಮಂಡಿಗೆ ಸರಿ, ಆದ್ರೆ ಶಿವಮೊಗ್ಗ ಹೈವೇಲಿ ಬಸ್ಸಿನ ಜೊತೆ ರೇಸ್ ಬೇಡ, ಹಿಂದೆ ಕೂತೋರೂ ಬೆಲ್ಟ್ ಹಾಕ್ಲಿ.

ರೇಟು. 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಕಾರಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದು ಹೊಸ ಆಲ್ಟೊ ಕೆ10 ಶೋರೂಂ ಬೆಲೆನೇ ಮೂರುಮುಕ್ಕಾಲು ಲಕ್ಷದ ಆಸುಪಾಸಿಂದ ಶುರು ಆಗ್ತಿದೆ, ಹಂಗಿರುವಾಗ 2013ರದ್ದಕ್ಕೆ ಅದರ ಅರ್ಧ ಕೇಳೋದು ಜಾಸ್ತಿ ಆಯ್ತು. ಟೈರ್ ನಾಲ್ಕು ಬೇಕಾದ್ರೆ 12 ಸಾವಿರದ ಹತ್ರ, ಟೈಮಿಂಗ್ ಬೆಲ್ಟ್ ವಾಟರ್ ಪಂಪ್ ಸೇರಿ ನಾಲ್ಕೈದು, ಕ್ಲಚ್ ಆರು, ಬ್ಯಾಟರಿ ನಾಲ್ಕು, ನಮ್ಮ ಹೊಸನಗರದ ಗ್ಯಾರೇಜ್ ಲೆಕ್ಕ ಇದು, ಬೇಕಾದ್ದು ಕೂಡಿಸಿ ಅಷ್ಟನ್ನೂ ಅವರ ಮುಂದೆ ಚೀಟೀಲಿ ಬರ್ದು ತೋರಿಸಿ. ಅಡಿ ಗಟ್ಟಿ ಇದ್ದು, ಒಂದೇ ಓನರ್ ಆಗಿದ್ರೆ ನಾನು 1 ಲಕ್ಷದ 40ಕ್ಕೆ ಶುರು ಮಾಡಿ 1 ಲಕ್ಷದ 55ಕ್ಕೆ ನಿಲ್ತಿದ್ದೆ. ಅಡ್ವಾನ್ಸ್ ಕೊಡೋದಾದ್ರೆ ಐದು ಸಾವಿರದ ಮೇಲೆ ಬೇಡ, ಪೂರ್ತಿ ದುಡ್ಡು ಬ್ಯಾಂಕ್ ಮೂಲಕವೇ.

ತಗೊಂಡ ಮೇಲೆ ಅಡಿಕೆ ಸುಲಿಯೋ ಮನೆ ಪಕ್ಕ ನಿಲ್ಲಿಸ್ಬೇಡಿ, ಇಲಿ ಬಾನೆಟ್ ಒಳಗೆ ಹೋಗಿ ವೈರ್ ಕಡೀತಾವೆ. ನಮ್ಮಲ್ಲಿ ಹೊಗೆಸೊಪ್ಪು ಕಟ್ಟಿ ನೋಡಿದ್ವಿ, ಇಲಿ ಅದರ ಮೇಲೇ ಮಲಗಿತ್ತು. ವಾರಕ್ಕೆರಡು ಸಲ ಗಾಡಿ ಓಡಿಸೋದೇ ಕೆಲಸ ಮಾಡಿದ್ದು.

ರನ್ನಿಂಗ್ ಬೋರ್ಡಿನ ಅಡಿದು, ಸ್ಟೆಪ್ನಿ ಗುಂಡಿದು, ಡ್ರೈವರ್ ಮ್ಯಾಟ್ ಎತ್ತಿದ್ದು ಮೂರು ಫೋಟೋ ಇಲ್ಲಿ ಹಾಕಿ. ಮುಂದಿನ ಸೋಮವಾರ ಮಂಡಿಗೆ ಸಾಗರಕ್ಕೆ ಬರೋದಿದೆ, ಗಾಡಿ ಅಷ್ಟೊತ್ತಿಗೆ ಹೋಗಿರದಿದ್ರೆ ಗೋಣಿಚೀಲ ನಾನೇ ತರ್ತೀನಿ.