ಮೈಕಟ್ಟಿಗೆ ಇಂಜೆಕ್ಷನ್, ಮನೆಗೆ ಮಗು: ಎರಡೂ ಒಟ್ಟಿಗೆ ಆಗದು

ಪ್ರಶ್ನೆ: ನನಗೆ 29, ಯಜಮಾನರಿಗೆ 33. ಎರಡು ವರ್ಷದಿಂದ ಮಗುವಿಗಾಗಿ ಪ್ರಯತ್ನಿಸುತ್ತಿದ್ದೇವೆ. ನನಗೆ ಮುಟ್ಟು 32 ದಿನಕ್ಕೊಮ್ಮೆ ತಪ್ಪದೆ ಬರುತ್ತದೆ. ಸ್ಕ್ಯಾನಿಂಗ್, ಥೈರಾಯ್ಡ್, ಟ್ಯೂಬ್ ಟೆಸ್ಟ್ ಎಲ್ಲ ನಾರ್ಮಲ್. ಈಗ ಲ್ಯಾಪ್ರೋಸ್ಕೋಪಿ ಮಾಡಿಸಿಕೋ ಎಂದು ಅತ್ತೆಯ ಒತ್ತಾಯ. ನೀವೂ ಪರೀಕ್ಷೆಗೆ ಬನ್ನಿ ಎಂದರೆ ಯಜಮಾನರು ‘ನನಗೇನಾಗಿದೆ?’ ಎಂದು ರೇಗುತ್ತಾರೆ. ದಾಂಪತ್ಯದಲ್ಲಿ ಕೊರತೆಯಿಲ್ಲ, ಅದು ನಿಜ. ದಿನಾ ಜಿಮ್‌ಗೆ ಹೋಗುತ್ತಾರೆ, ಒಂದೂವರೆ ವರ್ಷದಿಂದ ಟ್ರೈನರ್ ಹೇಳಿದ ಯಾವುದೋ ಇಂಜೆಕ್ಷನ್ ತೆಗೆದುಕೊಳ್ಳುತ್ತಾರೆ. ನಾನೇನು ಮಾಡಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಪತ್ರದ ಕೊನೆಯಲ್ಲಿ ಮಾತಿಗೆ ಬಂತೆಂದು ಬರೆದ ಆ ಇಂಜೆಕ್ಷನ್ ಇದೆಯಲ್ಲ, ಮೊದಲು ವಿಚಾರಿಸಬೇಕಾದ್ದು ಅದನ್ನೇ. ಬಾಟಲಿಯ ಮೇಲೆ ಏನು ಬರೆದಿದೆ ನೋಡಿ. ಟೆಸ್ಟೋಸ್ಟೆರೋನ್ (ಗಂಡಸಿನ ಹಾರ್ಮೋನು) ಅಥವಾ ಅದರಂಥದ್ದೇ ಆದ ನ್ಯಾಂಡ್ರೋಲೋನ್ ಎಂದಿದ್ದರೆ ಗರ್ಭ ನಿಲ್ಲದಿರಲು ಅದೊಂದೇ ಸಾಕಾದೀತು.

ಗಂಡಸಿನ ಹಾರ್ಮೋನೇ ವೀರ್ಯಾಣುವನ್ನು ನಿಲ್ಲಿಸುವುದು ಹೇಗೆ? ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನು ಕಳಿಸಿ ವೃಷಣಗಳಿಂದ ಕೆಲಸ ಮಾಡಿಸುತ್ತದೆ. ವೀರ್ಯಾಣು ತಯಾರಾಗಲು ವೃಷಣದ ಒಳಗೆ ಟೆಸ್ಟೋಸ್ಟೆರೋನ್ ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರಬೇಕು. ಹೊರಗಿನಿಂದ ಚುಚ್ಚಿಕೊಂಡರೆ ರಕ್ತದಲ್ಲಿ ಅದು ಧಾರಾಳವಾಗಿ ಕಾಣುತ್ತದೆ, ಪಿಟ್ಯುಟರಿ ಆ ಎರಡನ್ನೂ ಕಳಿಸುವುದು ನಿಲ್ಲಿಸುತ್ತದೆ. ವೃಷಣದ ಸ್ವಂತ ಉತ್ಪಾದನೆ ಕುಸಿದು ವೀರ್ಯಾಣುವೂ ನಿಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಗಂಡಸರ ಗರ್ಭನಿರೋಧಕವಾಗಿ ಪರೀಕ್ಷಿಸಿ 1990ರಲ್ಲಿ ಫಲಿತಾಂಶ ಪ್ರಕಟಿಸಿತ್ತು: ವಾರಕ್ಕೆ 200 ಮಿ.ಗ್ರಾಂ. ಕೊಟ್ಟಾಗ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಆರು ತಿಂಗಳೊಳಗೆ ವೀರ್ಯಾಣು ಸೊನ್ನೆ. ಜಿಮ್‌ಗಳಲ್ಲಿ ನಡೆಯುವ ಡೋಸು ಎಷ್ಟೋ ಸಲ ಇದನ್ನೂ ಮೀರಿರುತ್ತದೆ.

‘ಎಲ್ಲ ಸರಿಯಾಗೇ ಇದೆ’ ಎಂದು ಅವರಿಗೆ ಅನಿಸುವುದೂ ಸಹಜವೇ. ವೀರ್ಯದಲ್ಲಿ ಬಹುಪಾಲು ವೀರ್ಯಕೋಶ (ಸೆಮಿನಲ್ ವೆಸಿಕಲ್), ಪ್ರಾಸ್ಟೇಟ್ ಎಂಬ ಗ್ರಂಥಿಗಳಿಂದ ಬರುವ ದ್ರವ. ವೀರ್ಯಾಣುವಿನ ಪಾಲು ಕೆಲವೇ ಶೇಕಡಾ. ಅದು ಪೂರ್ತಿ ಇಲ್ಲದಿದ್ದರೂ ಪ್ರಮಾಣ, ಬಣ್ಣ, ಸುಖ ಯಾವುದರಲ್ಲೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಹೇಳಬೇಕು. ಇಂಜೆಕ್ಷನ್‌ಗೆ ಮುಂಚಿನ ಆರು ತಿಂಗಳಿಗೆ ತಲೆ ಕೆಡಿಸಿಕೊಳ್ಳಬೇಡಿ, ಯಾವ ದೋಷವೂ ಇಲ್ಲದ ದಂಪತಿಗೂ ಒಂದು ವರ್ಷ ಹಿಡಿಯಬಹುದು.

‘ನಿಮ್ಮಲ್ಲೇ ದೋಷ’ ಎಂದು ಮಾತು ತೆಗೆಯಬೇಡಿ, ಅಲ್ಲಿಗೆ ಮಾತು ಮುರಿಯುತ್ತದೆ. ‘ಈ ಇಂಜೆಕ್ಷನ್ ಇರುವಾಗ ಮಗು ಆಗುತ್ತದಾ ಅಂತ ಇಬ್ಬರೂ ಹೋಗಿ ಕೇಳೋಣ’ ಎನ್ನಿ. ಅತ್ತೆಯ ಎದುರಿಗೆ ಮಾತ್ರ ಬೇಡ.

ವೀರ್ಯ ಪರೀಕ್ಷೆಗೆ 2ರಿಂದ 7 ದಿನ ಸ್ಖಲನವಾಗಿರಬಾರದು. ಲ್ಯಾಬ್ ಕೊಟ್ಟ ಡಬ್ಬಿಯಲ್ಲೇ ಸಂಗ್ರಹಿಸಬೇಕು. ಎಣ್ಣೆ, ಎಂಜಲು, ಮಾಮೂಲಿ ಕಾಂಡೋಮ್ ತಗಲಿದರೆ ವೀರ್ಯಾಣು ಸಾಯುತ್ತವೆ. ಮೊದಲ ಹನಿಗಳಲ್ಲೇ ಅವು ಹೆಚ್ಚಿರುವುದರಿಂದ ಸ್ವಲ್ಪ ಚೆಲ್ಲಿದರೂ ಲ್ಯಾಬಿನವರಿಗೆ ತಿಳಿಸಲಿ. ಮನೆಯಲ್ಲಿ ಸಂಗ್ರಹಿಸಿದರೆ ಒಳಜೇಬಿನಲ್ಲಿ ಮೈಶಾಖಕ್ಕೆ ಇಟ್ಟುಕೊಂಡು ಒಂದು ಗಂಟೆಯೊಳಗೆ ತಲುಪಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಕೆಳಮಿತಿ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಅವುಗಳಲ್ಲಿ ಚಲಿಸುವವು ಶೇ 42. ರೂಪ ಸರಿಯಿರುವವು ಶೇ 4 ಇದ್ದರೂ ನಾರ್ಮಲ್, ಆ ಅಂಕಿ ನೋಡಿ ಗಾಬರಿಯಾಗಬೇಡಿ. ವರದಿ ಕೆಟ್ಟದಾಗಿ ಬಂದರೆ ಕೆಲವು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಬೇಕು. ಜೊತೆಗೆ ಎಲ್‌ಎಚ್, ಎಫ್‌ಎಸ್‌ಎಚ್, ಟೆಸ್ಟೋಸ್ಟೆರೋನ್ ರಕ್ತಪರೀಕ್ಷೆಯೂ ಬೇಕು. ಮೊದಲೆರಡು ತೀರಾ ಕಡಿಮೆಯಿದ್ದರೆ ಇಂಜೆಕ್ಷನ್ ಕಡೆಗೇ ಬೆರಳು.

ಬಿಡುವುದನ್ನು ಆಂಡ್ರಾಲಜಿಸ್ಟ್ (ಗಂಡಸರ ಸಂತಾನ ಸಮಸ್ಯೆಯ ತಜ್ಞರು) ಅಥವಾ ಎಂಡೋಕ್ರೈನಾಲಜಿಸ್ಟ್ (ಹಾರ್ಮೋನು ತಜ್ಞರು) ಸಲಹೆಯಲ್ಲೇ ಮಾಡಲಿ. ಬಿಟ್ಟ ಹೊಸತರಲ್ಲಿ ಸುಸ್ತು, ಬೇಸರ, ನಿರಾಸಕ್ತಿ ಬರುತ್ತವೆ. ‘ಗಂಡಸ್ತನವೇ ಹೋಯ್ತು’ ಎಂದು ಮತ್ತೆ ಚುಚ್ಚಿಕೊಳ್ಳುವುದು ಈ ಹಂತದಲ್ಲೇ. ವೃಷಣಕ್ಕೆ ಮತ್ತೆ ಚಾಲನೆ ಕೊಡುವ ಎಚ್‌ಸಿಜಿ, ಕ್ಲೋಮಿಫೀನ್‌ನಂಥ ಔಷಧದ ನೆರವು ಬೇಕೇ ಎಂದು ವೈದ್ಯರು ನಿರ್ಧರಿಸುತ್ತಾರೆ. ಒಂದು ವೀರ್ಯಾಣು ರೂಪುಗೊಂಡು ಹೊರಬರಲು ಸುಮಾರು ಮೂರು ತಿಂಗಳು ಬೇಕು, ಅದಕ್ಕೂ ಮುಂಚೆ ಬದಲಾವಣೆ ಕಾಣಲಿಲ್ಲವೆಂದು ಕೊರಗಬೇಡಿ. ಹೆಚ್ಚಿನವರಿಗೆ ಆರು ತಿಂಗಳಿಂದ ವರ್ಷದೊಳಗೆ ಚೇತರಿಕೆ. ಕೆಲವರಿಗೆ ಎರಡು ವರ್ಷವೂ ಹಿಡಿಯುತ್ತದೆ.

ಇನ್ನು ನಿಮ್ಮ ಲೆಕ್ಕ. 14ನೇ ದಿನ ಎಂಬುದು 28 ದಿನದ ಚಕ್ರದವರಿಗೆ. ನಿಮಗೆ ಅಂಡಾಣು ಹೊರಬರುವುದು 18ನೇ ದಿನದ ಆಸುಪಾಸು. ಅದರ ಆಯಸ್ಸು ಒಂದು ದಿನವಷ್ಟೇ. ವೀರ್ಯಾಣು ಗರ್ಭದಾರಿಯಲ್ಲಿ ಐದು ದಿನದವರೆಗೂ ಬದುಕಬಲ್ಲದು. ಹಾಗಾಗಿ 13ರಿಂದ 18ನೇ ದಿನದವರೆಗೆ ದಿನ ಬಿಟ್ಟು ದಿನ ಸೇರಿದರೆ ಸಾಕು. ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಈಗಿನಿಂದಲೇ ಶುರು ಮಾಡಿ. ಲ್ಯಾಪ್ರೋಸ್ಕೋಪಿ ಎಂದರೆ ಅರಿವಳಿಕೆ ಕೊಟ್ಟು ಮಾಡುವ ಶಸ್ತ್ರಚಿಕಿತ್ಸೆ. ನಿಮ್ಮವರ ವರದಿ ಕೈಗೆ ಬರುವವರೆಗೆ ಅದಕ್ಕೆ ಒಪ್ಪಬೇಡಿ.