ಡೇಟಾ ಬಂದ್ ಮಾಡಬ್ಯಾಡ್ರಿ, ಆಟೋ ಡೌನ್‌ಲೋಡ್ ಬಂದ್ ಮಾಡ್ರಿ

ಡೇಟಾ ಆಫ್ ಇಟ್ರ ಫೋನಿನಾಗ ಫೋಟೊ ಮೆಸೇಜ್ ಬರೂದಿಲ್ಲ, ವೈಫೈ ಇದ್ರೂ ತಗಿಯೂದಿಲ್ಲ, ಆನ್ ಇಟ್ರ ಮಧ್ಯಾಹ್ನ ಆಗೂದ್ರಾಗ ದಿನದ ಒಂದೂವರಿ ಜಿಬಿ ಖಾಲಿ, ಏನ್ ಮಾಡೂದು ಅಂತ ಕೇಳೀರಿ. ಓದಿ ನಗು ಬಂತ್ ನೋಡ್ರಿ, ಹೋದ ವರ್ಷ ನಾನೂ ಇದ ಗೋಳಿನಾಗ ಇದ್ನಿ.

ನಮ್ಮದು ಇಳಕಲ್ಲದಾಗ ಸಣ್ಣ ಸೀರಿ ಅಂಗಡಿ. ಮಗ್ಗದವರು ಬೆಳಿಗ್ಗಿಂದ ಸೀರಿ ಫೋಟೊ ಹಾಕಾಕ ಚಾಲೂ ಮಾಡ್ತಾರ, ಬ್ಯಾರೆ ಊರಿನ ಗಿರಾಕಿಗಳು ಬ್ಯಾರೆ, ಅದರ ಮ್ಯಾಲ ಗ್ರೂಪಿನಾಗ ಗುಡ್ ಮಾರ್ನಿಂಗ್ ಹೂವು, ದೇವ್ರು. ಈ ಫೋಟೊಗಳ ಡೇಟಾ ತಿಂತಾವ ಅಂತ ನಾನೂ ತಿಳ್ಕೊಂಡಿದ್ನಿ. ವಾಟ್ಸಾಪ್ ಸೆಟ್ಟಿಂಗ್ಸ್‌ನಾಗ ಸ್ಟೋರೇಜ್ ಆಂಡ್ ಡೇಟಾ ಅಂತ ಐತಲ್ರಿ, ಅದರಾಗ ನೆಟ್‌ವರ್ಕ್ ಯೂಸೇಜ್ ಒತ್ತಿ ನೋಡ್ರಿ, ಮೀಡಿಯಾ ಎಷ್ಟ ತಿಂತು, ಕಾಲ್ ಎಷ್ಟ, ಸ್ಟೇಟಸ್ ಎಷ್ಟ ಎಲ್ಲಾ ತೋರಸ್ತೈತಿ. ನನ್ನ ಫೋನಿನಾಗ ಸ್ಟೇಟಸ್ ಲೆಕ್ಕ ನೋಡಿ ತಲಿ ಗಿರ್ ಅಂತು. ಮಾಮೂಲಿ ಕಳಿಸಿದ ಒಂದು ಫೋಟೊ ನೂರಿನ್ನೂರು ಕೆಬಿ ಆಸುಪಾಸು, ನೂರು ಫೋಟೊ ಬಂದ್ರೂ ಹತ್ತಿಪ್ಪತ್ತು ಎಂಬಿ. ನುಂಗೂದು ವಿಡಿಯೋನ ರೀ, ಸ್ಟೇಟಸ್‌ನಾಗಿನವೂ ಸೇರಿ.

ಅಲ್ಲೇ ಮೀಡಿಯಾ ಆಟೋ ಡೌನ್‌ಲೋಡ್‌ನಾಗ ಮೊಬೈಲ್ ಡೇಟಾ ಅಂತ ಇರೂದನ್ನ ಒತ್ತಿ, ಫೋಟೊ, ಆಡಿಯೋ, ವಿಡಿಯೋ, ಡಾಕ್ಯುಮೆಂಟ್ ಎಲ್ಲಾದಕ್ಕೂ ಟಿಕ್ ತಗದ ಬಿಡ್ರಿ. ಡೇಟಾ ಆನ್ ಇರ್ಲಿ. ಆಮ್ಯಾಲ ಫೋಟೊ ಮಸುಕಾಗಿ ಬರ್ತೈತಿ, ಬೇಕಾದ್ದನ್ನ ಒತ್ತಿ ತಕ್ಕೊಂಡ್ರಾತು, ಹೂವು ಹಂಗ ಬಿದ್ದಿರ್ಲಿ. ವೈಫೈಗೆ ಟಿಕ್ ಇಟ್ರ ಮನಿಗೆ ಹೋದ ಮ್ಯಾಲ ಹೊಸಾವು ತಾವ ಇಳಿತಾವ.

ಫೋಟೊ ಮೆಸೇಜ್ ಅಂದ್ರ ನೀವು ವಾಟ್ಸಾಪ್ ಅಲ್ಲ, ಎಸ್ಸೆಮ್ಮೆಸ್ ಆ್ಯಪ್‌ನಾಗ ಬರೂ ಎಂಎಂಎಸ್ ಅಂತೀರೇನೋ, ವೈಫೈ ಇದ್ರೂ ತಗಿಯೂದಿಲ್ಲ ಅಂತ ಬರದೀರಲ್ಲ ಅದಕ್ಕ ಹೇಳ್ತೀನಿ. ಅದರ ಹಾದಿನ ಬ್ಯಾರೆ. ಮೊದ್ಲು ಒಂದು ಸಣ್ಣ ಸೂಚನೆ ಬರ್ತೈತಿ, ಆಮ್ಯಾಲ ಫೋನು ಸಿಮ್ ಕಂಪನಿ ಸರ್ವರಿಗೆ ಎಪಿಎನ್ ಅನ್ನೂ ಅವರ ಡೇಟಾ ಹಾದಿ ಮೂಲಕ ಹೋಗಿ ಚಿತ್ರ ತರ್ತೈತಿ, ಹಿಂಗಾಗಿ ಸಾಮಾನ್ಯವಾಗಿ ಮೊಬೈಲ್ ಡೇಟಾ ಬೇಕಾ ಬೇಕು. ಕೆಲವು ಆಂಡ್ರಾಯ್ಡ್ ಫೋನಿನಾಗ ಡೇಟಾ ಆಫ್ ಇದ್ರೂ ಎಂಎಂಎಸ್ ಬರ್ಲಿ ಅಂತ ಸಿಮ್ ಸೆಟ್ಟಿಂಗ್‌ನಾಗ ಒಂದು ಸ್ವಿಚ್ ಇರ್ತೈತಿ, ಹುಡುಕ್ರಿ. ನಮ್ಮ ಕಡೆ ಈಗ ಎಂಎಂಎಸ್ ಕಳಸವ್ರ ಯಾರದಾರ ಬಿಡ್ರಿ.

ವಾಟ್ಸಾಪ್ ಫೋಟೊದಾಗ ಒಂದು ತೊಂದ್ರಿ ಐತಿ. ಇಳಕಲ್ಲ ಸೀರಿ ಮೈಗೂ ಸೆರಗಿಗೂ ಕೊಂಡಿ ಹಾಕಿ ಜೋಡಿಸಿರ್ತಾರ, ಗಿರಾಕಿ ಅದನ್ನ ದೊಡ್ಡದು ಮಾಡಿ ನೋಡ್ತಾರ, ಮಾಮೂಲಿ ಫೋಟೊದಾಗ ಆ ಎಳಿಗಳು ಕಲಸಿ ರಾಡಿ ಆಗ್ತಾವ, ಸೆರಗಿನ ಹಲ್ಲಿನಂಥಾ ಕೆಂಪು ಬಿಳಿ ವಿನ್ಯಾಸನೂ ಮಸಕ. ಅಂಥಾದಕ್ಕ ಎಚ್‌ಡಿ ಇಲ್ಲಾ ಡಾಕ್ಯುಮೆಂಟ್ ಮಾಡಿ ಕಳಸ್ರಿ ಅಂತೀನಿ, ಡಾಕ್ಯುಮೆಂಟ್ ಆದ್ರ ಒಂದಕ್ಕ ನಾಕೈದು ಎಂಬಿ ಹೋಗ್ತೈತಿ, ಹೋಗ್ಲಿ, ಅಲ್ಲಿ ಖರ್ಚು ಮಾಡೂದ ಬರೋಬ್ಬರಿ.

ಆಮ್ಯಾಲ ಇದನ್ನ ನಾ ಪೆಟ್ಟು ತಿಂದು ಕಲತದ್ದು: ನಂತರ ತಗದ್ರಾತು ಅಂತ ಬಾಳ ದಿನ ಬಿಡಬ್ಯಾಡ್ರಿ. ಒಬ್ಬ ಮಗ್ಗದ ಕಾಕಾ ಒಂದು ಹಸಿರು ಸೀರಿ ಫೋಟೊ ಕಳಿಸಿದ್ದ, ನಾ ಮಸುಕಿನಾಗ ನೋಡಿ ಬಿಟ್ಟೆ. ಒಂದೂವರಿ ತಿಂಗಳ ಆದ ಮ್ಯಾಲ ಗಿರಾಕಿ ಅಂಥಾದ ಸೀರಿ ಕೇಳಿದ್ರು, ಒತ್ತಿದ್ರ ಇಳಿಯವಲ್ದು, ಕಳಿಸಿದವರಿಗೆ ಮತ್ತೊಮ್ಮೆ ಕಳಸಾಕ ಹೇಳು ಅಂತೈತಿ. ಮೂವತ್ತು ದಿನದ ಸುಮಾರಿಗೆ ವಾಟ್ಸಾಪ್‌ನವ್ರ ಸರ್ವರಿನಾಗಿಂದ ಹೋಗಿಬಿಡ್ತಾವ. ಕಾಕಾಗ ಫೋನ್ ಮಾಡಿದ್ರ, ‘ಜಾಗಾ ಇಲ್ಲಂತ ನಾನೂ ಅಳಸೇನೋ ತಮ್ಮಾ’ ಅಂದ. ಸೀರಿನೂ ಮಾರಿಬಿಟ್ಟಿದ್ದ.