ಹಳೆಯ ಜಾಝ್ ಆರ್ಗನ್ ಜ್ಯಾಮ್‌ಗಳಲ್ಲಿ (ಕಲಾವಿದರು ಕೂಡಿ ಮನೋಧರ್ಮದಿಂದ ನುಡಿಸುವ ಕೂಟಗಳಲ್ಲಿ) ಮೊದಲು ಯಾವುದು ಕೇಳಲಿ, ಹೇಗೆ ಕೇಳಲಿ?

ಮೊದಲು ಆರ್ಗನ್ ವಾದಕ ಜಿಮ್ಮಿ ಸ್ಮಿತ್ ಅವರ ‘ದ ಸರ್ಮನ್’ ಕೇಳಿ. 1958ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಬ್ಲೂ ನೋಟ್ ಎಂಬ ರೆಕಾರ್ಡ್ ಕಂಪನಿಗಾಗಿ ರೆಕಾರ್ಡ್ ಆದದ್ದು. ಸುಮಾರು 20 ನಿಮಿಷ ಇದೆ, ಆದರೆ ಉದ್ದ ಅನಿಸುವುದೇ ಇಲ್ಲ.

12 ಬಾರ್‌ಗಳ (ನಾಲ್ಕು ನಾಲ್ಕು ಎಣಿಕೆಯ ತುಂಡುಗಳ) ಬ್ಲೂಸ್ ಸುತ್ತು ಮತ್ತೆ ಮತ್ತೆ ಬರುತ್ತದೆ, ನಮ್ಮ ತಾಳದ ಆವರ್ತನ ತಿರುಗಿದ ಹಾಗೆ. ಎಣಿಸುತ್ತಾ ಕೇಳಿ. ಒಬ್ಬರು ಮುಗಿಸಿ ಇನ್ನೊಬ್ಬರು ಎತ್ತಿಕೊಳ್ಳುವ ಜಾಗ ತಾನಾಗಿ ಗೊತ್ತಾಗುತ್ತದೆ. ಟ್ರಂಪೆಟ್‌ನಲ್ಲಿ ಲೀ ಮಾರ್ಗನ್, ಗಿಟಾರ್‌ನಲ್ಲಿ ಕೆನ್ನಿ ಬರೆಲ್, ಡ್ರಮ್ಸ್‌ನಲ್ಲಿ ಆರ್ಟ್ ಬ್ಲೇಕಿ. ಎಂಥಾ ಕೂಟ ಅಲ್ವಾ!

ಬಾಸ್ ನುಡಿಸಲು ಬೇರೆಯವರಿಲ್ಲ, ಗಮನಿಸಿ. ಆ ಕೆಳದನಿಯ ನಡೆಯೂ ಹ್ಯಾಮಂಡ್ ಆರ್ಗನ್‌ನದೇ, ಸ್ಮಿತ್ ಅವರ ಎಡಗೈ ಮತ್ತು ಪಾದಗಳಿಂದ ಬಂದದ್ದು. ಫೋನಿನ ಸ್ಪೀಕರ್‌ನಲ್ಲಿ ಅದು ಸರಿಯಾಗಿ ಕೇಳಿಸುವುದಿಲ್ಲ. ಒಳ್ಳೆ ಹೆಡ್‌ಫೋನ್ ಹಾಕಿಕೊಳ್ಳಿ.